ಎದೆಕವಚದ ಒಳಗಿನ ಅಂಗಿ ಯಾರ ಜವಾಬ್ದಾರಿ?

2024ರ ಮಾರ್ಚ್ 11, ಸೋಮವಾರ. ಮೆಣಸಿನಕಾಯಿ ದರ ಏಕಾಏಕಿ ಕುಸಿಯಿತೆಂದು ಸಿಟ್ಟಿಗೆದ್ದವರು ಬ್ಯಾಡಗಿ ಎಪಿಎಂಸಿ ಕಚೇರಿಗೆ ನುಗ್ಗಿದರು. ಕಲ್ಲುಗಳು ಬಿದ್ದವು, ವಾಹನಗಳು ಹೊತ್ತಿ ಉರಿದವು, ಅಗ್ನಿಶಾಮಕ ದಳದ ಗಾಡಿಯೂ ಬೆಂಕಿಗೆ ಸಿಕ್ಕಿತು. ಆಮೇಲೆ ದರ, ದಲಾಲಿ, ಆವಕ, ಭದ್ರತೆಯ ಲೋಪ ಎಂದು ಚರ್ಚೆ ನಡೆಯಿತು, ನಡೆಯಬೇಕಾದದ್ದೇ. ಆದರೆ ಬೇಸಿಗೆಯ ಬಿಸಿಲಲ್ಲಿ, ಮೆಣಸಿನಕಾಯಿ ಘಾಟಿನ ನಡುವೆ, ಹೆಲ್ಮೆಟ್ಟು-ಎದೆಕವಚ ತೊಡಿಸಿ ಇಂಥ ಕಡೆ ನಿಲ್ಲಿಸುವ ಪೊಲೀಸನ ಮೈಗೆ ತಾಗಿಕೊಂಡ ಬಟ್ಟೆ ಎಂಥದ್ದಿರಬೇಕು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ನಗೆಪಾಟಲಾಗುತ್ತಿತ್ತೇನೊ. ಬನಿಯನ್ ಕೂಡ ಒಂದು ವಿಷಯವೇ ಎಂದು ಅನ್ನಿಸುವುದು ಸಹಜ.

ವಿಷಯವೇ ಹೌದು. ಹಾವೇರಿ ಜಿಲ್ಲೆಯಲ್ಲಂತೂ ಬಂದೋಬಸ್ತಿಗೆ ಬಿಡುವಿಲ್ಲ. ತುಂಗಭದ್ರೆಯ ದಂಡೆಯ ಐರಣಿ ಹೊಳೆಮಠದಲ್ಲಿ ಜನ ಸೇರಿದಾಗ, ಮಹಾನವಮಿಗೆ ದೇವರಗುಡ್ಡದ ಕಾರ್ಣಿಕ ನಡೆದಾಗ, ಊರೂರಲ್ಲಿ ಕೊಬ್ಬರಿ ಹೋರಿ ಓಡಿದಾಗ ಖಾಕಿಯವರು ಬೆಳಗಿನಿಂದ ಸಂಜೆಯ ತನಕ ನಿಂತೇ ಇರಬೇಕು. ದೊಡ್ಡ ಗಲಾಟೆಯಾದರೆ ಶಿಗ್ಗಾವಿಯ ಗಂಗೆಭಾವಿಯಿಂದ ಕೆಎಸ್‌ಆರ್‌ಪಿ ಹತ್ತನೇ ಪಡೆಯ ವ್ಯಾನುಗಳು ಬರುತ್ತವೆ. ಅವರ ಜೊತೆ ಶೀಲ್ಡು, ಲಾಠಿ, ಮೊಣಕಾಲಿನ ಗಾರ್ಡು, ಬಾಡಿ ಪ್ರೊಟೆಕ್ಟರು. ಗುಂಡು ನಿರೋಧಕ ಜಾಕೆಟ್ಟಿನ ಭಾರ ಬೇರೆಯೇ ಲೆಕ್ಕ. ಡಿಆರ್‌ಡಿಒ ಮತ್ತು ದೆಹಲಿ ಐಐಟಿ ಸೇರಿ ರೂಪಿಸಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ 'ಅಭೇದ್' ಎಂಬ ಹಗುರ ಜಾಕೆಟ್ಟುಗಳೇ 8.2 ಮತ್ತು 9.5 ಕಿಲೋ ತೂಗುತ್ತವೆ. ಹಗುರವಾದದ್ದೇ ಇಷ್ಟು.

ಇಂಥ ಕವಚದೊಳಗೆ ನಡೆಯುವುದಿಷ್ಟು. ಮೈ ತಣಿಯುವುದು ಬೆವರು ಸುರಿಯುವುದರಿಂದಲ್ಲ, ಅದು ಆರುವುದರಿಂದ. ಒಂದು ಲೀಟರ್ ಬೆವರು ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖ ಮೈಯಿಂದ ಹೊರಹೋಗುತ್ತದೆ. ಕವಚದ ಕೆಳಗೆ ಗಾಳಿಯಾಡದು. ಅದಕ್ಕೊಂದು ಕಾರಣವೂ ಇದೆ: ಗುಂಡು ತಡೆಯುವ ಅರಾಮಿಡ್ ನೂಲಿನ ಪದರಗಳು ನೆನೆದರೆ ಗುಂಡು ತಡೆಯುವ ಕಸುವು ಕುಗ್ಗುತ್ತದೆ, ಹಾಗಾಗಿ ಅವನ್ನು ನೀರು ಇಳಿಯದ ಚೀಲದಲ್ಲಿ ಮುಚ್ಚಿ ಹೊಲಿದಿರುತ್ತಾರೆ. ಹೊರಗಿನ ನೀರು ಒಳಗೆ ಹೋಗದು, ಒಳಗಿನ ಆವಿಯೂ ಹೊರಗೆ ಬಾರದು. ತೇವದ ಭಯ ಸುಳ್ಳಲ್ಲ. 2003ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಫಾರೆಸ್ಟ್ ಹಿಲ್ಸ್‌ನಲ್ಲಿ ಒಬ್ಬ ಪೊಲೀಸ್ ಅಧಿಕಾರಿ ತೊಟ್ಟಿದ್ದ, ಜೈಲಾನ್ ಎಂಬ ನೂಲಿನ ಜಾಕೆಟ್ಟನ್ನು ಗುಂಡು ತೂರಿಕೊಂಡು ಹೋಯಿತು. ಶಾಖಕ್ಕೂ ತೇವಕ್ಕೂ ಆ ನೂಲು ಸೊರಗುತ್ತದೆಂದು ಆಮೇಲಿನ ಪರೀಕ್ಷೆಗಳು ತೋರಿಸಿದವು. 2005ರಲ್ಲಿ ಅಲ್ಲಿನ ರಾಷ್ಟ್ರೀಯ ನ್ಯಾಯ ಸಂಸ್ಥೆ ಜೈಲಾನ್ ಜಾಕೆಟ್ಟುಗಳ ಮಾನ್ಯತೆ ತೆಗೆದುಹಾಕಿತು.

ಒಳಗೆ ಹತ್ತಿ ಬನಿಯನ್ ಇದ್ದರೆ ಅದು ಬೆವರನ್ನು ಹೀರಿ ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಮಧ್ಯಾಹ್ನದ ಹೊತ್ತಿಗೆ ಒದ್ದೆ ಬಟ್ಟೆ ಮೈಗಂಟಿ, ಕವಚದ ಭಾರಕ್ಕೆ ಉಜ್ಜಿ, ಹೆಗಲು ಕೆಂಪಾಗಿ, ಬೆವರುಸಾಲೆ ಏಳುತ್ತದೆ. ಬೆಲ್ಟು ಕಟ್ಟಿದ ಸೊಂಟದಲ್ಲಿ, ಕಂಕುಳಲ್ಲಿ ಹುಳುಕಡ್ಡಿ ಬಂದರಂತೂ ತಿಂಗಳುಗಟ್ಟಲೆ ಬಿಡದು. ಹತ್ತಿಯ ಸೀಮೆಯಲ್ಲಿ ಹತ್ತಿಯ ಮೇಲೆ ದೂರು ಹೇಳುವುದು ಕಷ್ಟವೇ. 1972ರಲ್ಲಿ ಬಿ.ಎಚ್. ಕಟರ್ಕಿಯವರು ಧಾರವಾಡದಲ್ಲಿ 'ವರಲಕ್ಷ್ಮಿ' ಸಂಕರ ತಳಿ ಕೊಟ್ಟ ನಂತರ ಈ ಭಾಗದ ಹೊಲಗಳು ಬದಲಾದವು, ರಾಣೆಬೆನ್ನೂರು ಬೀಜದ ಊರೆಂದೇ ಹೆಸರಾಯಿತು. ಹೊಲದಲ್ಲಿ, ಗಾಳಿಯಲ್ಲಿ ದುಡಿಯುವವರಿಗೆ ಹತ್ತಿ ಅಂಗಿಯನ್ನು ಮೀರಿಸಿದ್ದಿಲ್ಲ. ಗಾಳಿ ಕಟ್ಟಿದ ಜಾಗದಲ್ಲಿ ಮಾತ್ರ ಅದರ ಗುಣವೇ ದೋಷವಾಗುತ್ತದೆ.

ಅದಕ್ಕೇ ಈಗ ಹುಡುಗರು ಅಂಗಡಿಯಲ್ಲಿ 'ಡ್ರೈಫಿಟ್' ಕೇಳುತ್ತಾರೆ. ಇದು ಬಹುತೇಕ ಪಾಲಿಯೆಸ್ಟರ್. ಹತ್ತಿಯ ಎಳೆ ಸಾಮಾನ್ಯ ಹವೆಯಲ್ಲೇ ತನ್ನ ತೂಕದ ನೂರಕ್ಕೆ ಸುಮಾರು 8 ಪಾಲು ತೇವ ಹಿಡಿದಿಟ್ಟುಕೊಂಡರೆ, ಪಾಲಿಯೆಸ್ಟರ್ ಹಿಡಿಯುವುದು ನೂರಕ್ಕೆ ಅರ್ಧ ಪಾಲಿಗಿಂತ ಕಡಿಮೆ. ಎಳೆಯೊಳಗೆ ನೀರು ಇಳಿಯುವುದಿಲ್ಲ, ಎಳೆಗಳ ಸಂದಿಯಲ್ಲಿ ಹರಿಯುತ್ತದೆ, ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ. 1986ರಲ್ಲಿ ಡ್ಯೂಪಾಂಟ್ ಕಂಪನಿ ತಂದ 'ಕೂಲ್‌ಮ್ಯಾಕ್ಸ್' ನೂಲಿನ ಮೈಮೇಲೆ ಇದಕ್ಕೆಂದೇ ಉದ್ದುದ್ದ ಕಾಲುವೆಗಳಿದ್ದವು. ಹೀಗೆ ಹರಿದ ಬೆವರು ಹರಡಿಕೊಂಡು ತೋಳು, ಕುತ್ತಿಗೆ, ಪಕ್ಕೆಗಳ ಕಡೆ ಬಂದು ಅಲ್ಲಿ ಆರುತ್ತದೆ.

ಇಲ್ಲಿ ಜಾಹೀರಾತಿನ ಮಾತನ್ನು ಸ್ವಲ್ಪ ಒರೆಗೆ ಹಚ್ಚಬೇಕು. ಕವಚದ ಕೆಳಗೆ ಈ ಅಂಗಿ ತಂಪು ಮಾಡುವುದಿಲ್ಲ. ಆರಲು ಅಲ್ಲಿ ಗಾಳಿಯೇ ಇಲ್ಲ. ಅದರಿಂದಾಗುವ ಉಪಕಾರವೆಂದರೆ ಉಜ್ಜುವಿಕೆ ಕಡಿಮೆಯಾಗುವುದು, ಕವಚ ಬಿಚ್ಚಿದಾಗ ಬೇಗ ಆರುವುದು. ಅಷ್ಟು ಸಣ್ಣದಲ್ಲ, ಆದರೆ ಅಷ್ಟೇ. ಜೊತೆಗೆ ನಮ್ಮಲ್ಲಿ ಇನ್ನೊಂದು ತೊಡಕಿದೆ. ಇಲ್ಲಿ ಜಾಕೆಟ್ ತೊಡುವುದು ಸಾಮಾನ್ಯವಾಗಿ ಖಾಕಿ ಅಂಗಿಯ ಮೇಲೆ. ಒಳಗೆ ಎಷ್ಟೇ ಒಳ್ಳೆಯ ಡ್ರೈಫಿಟ್ ಇರಲಿ, ಅದರ ಮೇಲೆ ದಪ್ಪ ಟೆರಿಕಾಟು, ಜೇಬು, ಗುಂಡಿ, ಅದರ ಮೇಲೆ ಕವಚ. ಬ್ರಿಟನ್ನಿನ ಸೈನ್ಯ ಈ ಗಂಟನ್ನು ಸರಳವಾಗಿ ಬಿಡಿಸಿತು: ಎದೆ-ಬೆನ್ನಿನ ಭಾಗವೆಲ್ಲ ತೆಳ್ಳನೆಯ ಹೆಣಿಗೆ ಬಟ್ಟೆ, ತೋಳು ಮಾತ್ರ ಸಮವಸ್ತ್ರದ ಗಟ್ಟಿ ಬಟ್ಟೆ, ಎದೆಯ ಮೇಲೆ ಗುಂಡಿಯಿಲ್ಲ, ಜೇಬಿಲ್ಲ. ಕವಚ ತೊಟ್ಟಾಗ ನೋಡುವವರಿಗೆ ಸಮವಸ್ತ್ರವೇ, ತೊಟ್ಟವನಿಗೆ ಒಂದು ಪದರ ಕಡಿಮೆ. ಅಮೆರಿಕದ ಸೈನ್ಯದಲ್ಲೂ ಇಂಥ ಅಂಗಿ ಇದೆ. ಖಾಕಿಯಲ್ಲಿ ಇದನ್ನು ಹೊಲಿಯುವುದು ಹೆಣಿಗೆ ಬಟ್ಟೆಯ ಊರಾದ ತಿರುಪ್ಪೂರಿನವರಿಗೆ ದೊಡ್ಡ ಕೆಲಸವೇನಲ್ಲ.

ಈಗ ಬ್ಯಾಡಗಿಯ ಬೆಂಕಿಗೆ ಬರೋಣ. ಪಾಲಿಯೆಸ್ಟರ್ ಸುಮಾರು 250 ಡಿಗ್ರಿಗೆ ಕರಗಿ ಮೈಗೆ ಅಂಟುತ್ತದೆ. ಸುಟ್ಟ ಗಾಯಕ್ಕೆ ಅಂಟಿದ ಆ ಪಾಕವನ್ನು ಬಿಡಿಸುವಾಗ ಚರ್ಮವೂ ಕಿತ್ತು ಬರುತ್ತದೆ. 2006ರ ಏಪ್ರಿಲ್‌ನಲ್ಲಿ ಅಮೆರಿಕದ ಮೆರೀನ್ ಪಡೆ ಇರಾಕ್‌ನಲ್ಲಿ ಶಿಬಿರದ ಹೊರಗೆ ಹೋಗುವಾಗ ಕೃತಕ ನೂಲಿನ ಒಳಂಗಿಗಳನ್ನು ತೊಡಬಾರದೆಂದು ನಿಷೇಧಿಸಿತು. ಸೆಕೆಯಿಂದ ಪಾರಾಗಲು ಸೈನಿಕರು ಸ್ವಂತ ದುಡ್ಡಿನಲ್ಲಿ ಕೊಂಡಿದ್ದ ಅಂಗಿಗಳು ರಸ್ತೆ ಬದಿಯ ಬಾಂಬಿನ ಬೆಂಕಿಯಲ್ಲಿ ಕರಗಿ ಗಾಯವನ್ನು ಹೆಚ್ಚಿಸುತ್ತಿದ್ದವು. ಇರಾಕ್ ದೂರವಾಯಿತೆನ್ನುವವರು ಬೆಂಗಳೂರಿನ ಡಿ.ಜೆ. ಹಳ್ಳಿಯನ್ನು ನೆನೆಯಬಹುದು, 2020ರ ಆಗಸ್ಟ್ 11ರ ರಾತ್ರಿ ಅಲ್ಲಿ ಬೆಂಕಿ ಬಿದ್ದದ್ದು ಪೊಲೀಸ್ ಠಾಣೆಯ ಅಂಗಳಕ್ಕೇ.

ಆದ್ದರಿಂದ ಎಲ್ಲರಿಗೂ ಒಂದೇ ಅಂಗಿ ಎಂಬ ಮಾತು ನಿಲ್ಲದು. ಜಾತ್ರೆ, ಹೋರಿ ಹಬ್ಬ, ವಿಐಪಿ ಕಾವಲಿಗೆ ಹೋಗುವವರಿಗೆ ತೆಳ್ಳನೆಯ ಪಾಲಿಯೆಸ್ಟರ್ ಸಾಕು, ಅದೇ ಮೇಲು. ಗಲಭೆಗೆ, ಬೆಂಕಿಯ ಬಾಯಿಗೆ ಹೋಗುವ ತುಕಡಿಗೆ ಮಾತ್ರ ಕರಗದ ಬಟ್ಟೆ ಬೇಕು: ಬೆಂಕಿ ಹತ್ತದ ಮೊಡಾಕ್ರಿಲಿಕ್ ಬೆರೆಸಿದ ಹತ್ತಿ, ಇಲ್ಲವೇ ನಯವಾದ ಉಣ್ಣೆ. ಉಣ್ಣೆ ಎಂದರೆ ಇಲ್ಲಿ ಯಾರಿಗೂ ಹೊಸದಲ್ಲ. ಮೆಡ್ಲೇರಿಯ ಕಂಬಳಿ ಗೊತ್ತಿದೆ, ಕರಿ ಕಂಬಳಿ ತೊಟ್ಟ ಗೊರವಯ್ಯ ಗೊತ್ತಿದ್ದಾನೆ. ಉಣ್ಣೆ ಕರಗುವುದಿಲ್ಲ, ಕಿಡಿ ಬಿದ್ದರೆ ಕರಕಾಗಿ ತಾನೇ ಆರುತ್ತದೆ, ತನ್ನ ತೂಕದ ಮೂರನೇ ಒಂದರಷ್ಟು ತೇವ ಕುಡಿದರೂ ಒದ್ದೆ ಅನ್ನಿಸುವುದಿಲ್ಲ. ಹಾಗೆಂದು ದಖನಿ ಕುರಿಯ ಉಣ್ಣೆಯನ್ನು ಮೈಗೆ ಹತ್ತಿಸಲಾಗದು. ಎಳೆ 30 ಮೈಕ್ರಾನ್ ದಾಟಿದರೆ ಚರ್ಮಕ್ಕೆ ಚುಚ್ಚುತ್ತದೆ. ಮೈಗೆ ಹಿತವಾದ ಮೆರಿನೊ 20ರ ಆಸುಪಾಸಿನದು, ಬೆಲೆಯೂ ಅದಕ್ಕೆ ತಕ್ಕಂತೆ. ಕಂಬಳಿ ಅಭಿಮಾನಕ್ಕೆ ಇಲ್ಲೊಂದು ಮಿತಿಯಿದೆ.

1800ರಲ್ಲಿ ಬಂಡಾಯಗಾರ ಧೊಂಡಿಯ ವಾಘನ ಬೆನ್ನತ್ತಿದ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿ ಮಳೆಗಾಲದ ಹೊಸ್ತಿಲಲ್ಲಿ ತುಂಗಭದ್ರೆ ದಾಟಿ ರಾಣೆಬೆನ್ನೂರು ಕೋಟೆ ಹಿಡಿದಾಗ ಬ್ರಿಟಿಷ್ ಕಾಲಾಳುಗಳ ಮೈಮೇಲಿದ್ದದ್ದು ಉಣ್ಣೆಯ ಕೆಂಪು ಕೋಟು. ಹೊಳೆಯ ಈ ದಂಡೆಯ ಐರಣಿ ಕೋಟೆಯ ಸೀಮೆಯಲ್ಲಿ ಆ ಕೋಟಿನೊಳಗೆ ಅವರು ಹೇಗೆ ಬೆಂದಿರಬೇಕೊ. ಮುಂದೆ ಅದೇ ಸೈನ್ಯ ಹೊಟ್ಟೆಗೆ ಸುತ್ತಿಕೊಳ್ಳಲು ಫ್ಲಾನೆಲ್ ಪಟ್ಟಿಯನ್ನು ಸರ್ಕಾರದ ಖರ್ಚಿನಲ್ಲೇ ಕೊಟ್ಟಿತು, ಕಾಲರಾ ತಡೆಯುತ್ತದೆಂದು ನಂಬಿ. ವೈದ್ಯಕೀಯವಾಗಿ ಅದು ಶುದ್ಧ ತಪ್ಪು. ಆದರೆ ಸಿಪಾಯಿಯ ಒಳಬಟ್ಟೆ ಸೈನ್ಯದ ಹೊಣೆ ಎಂಬುದರ ಬಗ್ಗೆ ಅವರಿಗೆ ಅನುಮಾನವಿರಲಿಲ್ಲ.

ಕರ್ನಾಟಕದಲ್ಲಿ ಸಮವಸ್ತ್ರದ ಸುಧಾರಣೆ ಕಣ್ಣಿಗೆ ಕಾಣುವ ಕಡೆ ನಡೆದಿದೆ. 2018ರಲ್ಲಿ ನೀಲಮಣಿ ರಾಜು ಪೊಲೀಸ್ ಮಹಾನಿರ್ದೇಶಕರಾಗಿದ್ದಾಗ ಮಹಿಳಾ ಸಿಬ್ಬಂದಿಗೆ ಖಾಕಿ ಸೀರೆಯ ಬದಲು ಪ್ಯಾಂಟು-ಅಂಗಿ ಬಂತು. 2025ರಲ್ಲಿ ಸ್ಲೋಚ್ ಹ್ಯಾಟ್ ಹೋಗಿ ನೀಲಿ ಪೀಕ್ ಕ್ಯಾಪ್ ಬಂತು. ಎರಡೂ ಒಳ್ಳೆಯ ಕೆಲಸ. ತಲೆಯ ಮೇಲಿನದ್ದಕ್ಕೆ ಸಿಕ್ಕ ಗಮನದಲ್ಲಿ ಕಾಲುಪಾಲು ಎದೆಕವಚದ ಕೆಳಗಿನದ್ದಕ್ಕೂ ಸಿಗಲಿ. ಕವಚದ ಟೆಂಡರ್ ಕರೆಯುವಾಗಲೇ, ಒಂದು ಕವಚಕ್ಕೆ ಮೂರು ಅಂಗಿ ಎಂಬ ಲೆಕ್ಕದಲ್ಲಿ ಒಳಂಗಿಯನ್ನೂ ಸೇರಿಸಬೇಕು. ಅಂಗಿಯನ್ನು ಪೇದೆಯ ಜೇಬಿಗೂ ಅಂಗಡಿಯವನ ಬಾಯಿಗೂ ಬಿಡಬಾರದು. ಚದರ ಮೀಟರಿಗೆ 120ರಿಂದ 160 ಗ್ರಾಂ ತೂಗುವ ಬಟ್ಟೆ, ಉಬ್ಬಿಲ್ಲದ ಚಪ್ಪಟೆ ಹೊಲಿಗೆ, ಹೆಗಲ ಮೇಲೆ ಜೋಡಣೆ ಬಾರದ ಕತ್ತರಿಕೆ, ಬಗ್ಗಿದರೆ ಹೊರಬಾರದಷ್ಟು ಉದ್ದ, ಸುಕ್ಕು ಬೀಳದಷ್ಟು ಬಿಗಿ ಎಂದು ಬರೆಯಲಿ. ಹೆಂಗಸರಿಗೆ ಬೇರೆ ಅಳತೆ ಇರಲಿ. ಗಂಡಸರ 'ಸ್ಮಾಲ್' ಸೈಜನ್ನೇ ಕೊಟ್ಟು ಕೈತೊಳೆದುಕೊಳ್ಳುವ ಚಾಳಿ ಬೇಡ. ಒಗೆಯುವ ವಿಧಾನವನ್ನೂ ಕನ್ನಡದಲ್ಲಿ ಅಚ್ಚು ಹಾಕಿಸಿ ಕೊಡಬೇಕು: ಬಟ್ಟೆ ಮೃದು ಮಾಡುವ ಕಂಡೀಷನರ್ ಹಾಕಿದರೆ ಎಳೆಯ ಮೇಲೆ ಪೊರೆ ಕಟ್ಟಿ ಬೆವರು ಹರಿಯದು, ಪಾಲಿಯೆಸ್ಟರ್ ಅಂಗಿ ಅಂದಂದೇ ಒಗೆಯದಿದ್ದರೆ ನಾತ ಬಿಡದು.

ಖರ್ಚಿನ ಮಾತು ಬಂದರೆ ಒಮ್ಮೆಗೇ ರಾಜ್ಯಕ್ಕೆಲ್ಲ ಕೊಡಬೇಕಾಗಿಲ್ಲ. ಶಿಗ್ಗಾವಿ ಪಡೆಯ ಒಂದೆರಡು ತುಕಡಿಗಳಿಗೆ ಫೆಬ್ರುವರಿಯಿಂದ ಮೇ ತನಕ ಮೂರು ಬಗೆಯ ಅಂಗಿ ಕೊಟ್ಟು ನೋಡಬಹುದು. ಬಂದೋಬಸ್ತಿಗೆ ಹೋಗುವ ಮುನ್ನ, ಬಂದ ಮೇಲೆ ತೂಕ ನೋಡಿ, ಕುಡಿದ ನೀರನ್ನು ಲೆಕ್ಕಕ್ಕೆ ಹಿಡಿದರೆ ಯಾರು ಎಷ್ಟು ಬೆವರಿದರೆಂದು ತಿಳಿಯುತ್ತದೆ. ಬೆವರುಸಾಲೆ, ಹುಳುಕಡ್ಡಿ, ತಲೆಸುತ್ತು ಎಂದು ಡಾಕ್ಟರ ಬಳಿ ಹೋದವರ ಪಟ್ಟಿಯನ್ನು ಪಡೆಯಲ್ಲೇ ಇಡಬಹುದು. ಮುಂದಿನ ಖರೀದಿಗೆ ಯಾವ ಬಟ್ಟೆ ಕೇಳಬೇಕೆಂದು ಬೆಂಗಳೂರಿನ ಕಡತ ನಿರ್ಧರಿಸುವ ಮುನ್ನ ಆ ಪಟ್ಟಿ ಅಲ್ಲಿ ತಲುಪಿರಬೇಕು.