ತಾಲ್ಲೂಕು ವರದಿಗಾರಿಕೆ ಮತ್ತು ಪತ್ರಿಕೋದ್ಯಮ ಪದವಿ

ಪದವಿ ಪ್ರವೇಶದ ದಿನಗಳಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಯಿಂದ ಬರುವ ಪಾಲಕರು ಅಧ್ಯಾಪಕರಲ್ಲಿ ಕೇಳುವುದು ಒಂದೇ ಪ್ರಶ್ನೆ: "ಸರ, ಪತ್ರಿಕೋದ್ಯಮ ಓದಿಸಿದ್ರ ನೌಕರಿ ಸಿಗತೈತೇನ್ರಿ?" ನಾವು ಬೆಂಗಳೂರಿನ ದೂರದರ್ಶನ ವಾಹಿನಿಗಳತ್ತ, ದಿನಪತ್ರಿಕೆಗಳ ಕಚೇರಿಗಳತ್ತ ಬೆರಳು ತೋರಿಸಿ ಅವರನ್ನು ಸಮಾಧಾನಪಡಿಸುತ್ತೇವೆ. ಈ ಉತ್ತರ ಸುಳ್ಳಲ್ಲ. ಆದರೆ ಅದು ಅರ್ಧ ಮಾತ್ರ ನಿಜ. ಹೇಳದೆ ಉಳಿಯುವ ಇನ್ನರ್ಧವೇ ಈ ವಿದ್ಯಾರ್ಥಿಗಳ ಬದುಕಿಗೆ ಹೆಚ್ಚು ಸಂಬಂಧಿಸಿದ್ದು.

ಊರಿನಲ್ಲಿಯೇ ಉಳಿಯುವ ಪತ್ರಿಕೋದ್ಯಮ ಪದವೀಧರನಿಗೆ ಸಾಮಾನ್ಯವಾಗಿ ದೊರೆಯುವುದು ಅರೆಕಾಲಿಕ ವರದಿಗಾರನ ಕೆಲಸ. ಪತ್ರಿಕೆ ಕೊಡುವ ಗೌರವಧನ ಪೆಟ್ರೋಲಿಗೂ ಸಾಲದೆಂಬುದನ್ನು ಆ ಕೆಲಸ ಮಾಡಿದವರೇ ಹೇಳುತ್ತಾರೆ. ಅನೇಕ ಕಡೆ ವರದಿಗಾರನೇ ಪತ್ರಿಕೆಯ ಏಜೆಂಟ್, ಅವನೇ ಜಾಹೀರಾತು ಸಂಗ್ರಾಹಕ. ಯಾರ ವಿರುದ್ಧ ಬರೆಯಬೇಕಾಗಬಹುದೋ ಅವರಿಂದಲೇ ಹುಟ್ಟುಹಬ್ಬದ ಶುಭಾಶಯದ ಜಾಹೀರಾತನ್ನು ಬೇಡಬೇಕಾದ ಸ್ಥಿತಿ ಅವನದು. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆಯು ಪತ್ರಿಕಾವೃತ್ತಿಯೇ ಮುಖ್ಯ ವೃತ್ತಿಯಾಗಿರುವವರನ್ನು ಪತ್ರಕರ್ತರೆಂದು ಗುರುತಿಸಿತು. ಹೊಟ್ಟೆಪಾಡಿಗೆ ಹೊಲವನ್ನೋ ಅಂಗಡಿಯನ್ನೋ ನೆಚ್ಚಿರುವ ತಾಲ್ಲೂಕು ವರದಿಗಾರನು ಈ ಲಕ್ಷಣದ ಅಂಚಿನಲ್ಲಿಯೇ ಉಳಿದನು. ಮಜೀಠಿಯಾ ವೇತನ ಮಂಡಳಿಯ ಶಿಫಾರಸುಗಳನ್ನು 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದಾಗಲೂ ಅವನ ಪಾಲಿಗೆ ಹೆಚ್ಚೇನೂ ಬದಲಾಗಲಿಲ್ಲ. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳು ವಿದ್ಯುನ್ಮಾನ ಹಾಗೂ ಡಿಜಿಟಲ್ ಮಾಧ್ಯಮದವರನ್ನೂ ಒಳಗೊಂಡಿವೆ. ಅವುಗಳ ಫಲ ಸಿಂದಗಿಯ ಬಸ್ ನಿಲ್ದಾಣದವರೆಗೆ ತಲುಪುವುದೇ ಎಂಬ ಸಂದೇಹ ನನಗಿದೆ.

ಹಾಗಾದರೆ ಈ ಓದು ಬೇಡವೇ? ಇದೇ ಜಿಲ್ಲೆಯ ಇತಿಹಾಸ ಬೇರೊಂದು ಮಾತನ್ನು ಹೇಳುತ್ತದೆ. ಫ.ಗು. ಹಳಕಟ್ಟಿಯವರು ವಿಜಾಪುರದಲ್ಲಿ ವಕೀಲರಾಗಿದ್ದುಕೊಂಡೇ 1926ರಲ್ಲಿ 'ಶಿವಾನುಭವ'ವನ್ನೂ 1927ರಲ್ಲಿ 'ನವಕರ್ನಾಟಕ'ವನ್ನೂ ಆರಂಭಿಸಿದರು. ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. ಅವರ ತ್ಯಾಗವನ್ನು ಇಂದಿನ ಹುಡುಗರ ಮುಂದೆ ಆದರ್ಶವಾಗಿ ಇಡುವುದು ನನ್ನ ಉದ್ದೇಶವಲ್ಲ. ಮನೆ ಮಾರಿ ಎಂದು ಯಾರಿಗೂ ಹೇಳಬಾರದು. ಗಮನಿಸಬೇಕಾದುದು ಅವರ ಸಿದ್ಧತೆಯನ್ನು. ಕಾನೂನು ತಿಳಿದಿತ್ತು, ಹಸ್ತಪ್ರತಿ ಓದಲು ಬರುತ್ತಿತ್ತು, ಅಚ್ಚುಮೊಳೆಯ ವ್ಯವಹಾರ ಗೊತ್ತಿತ್ತು. ಪತ್ರಿಕೆಯ ಹೊರಗೆ ಒಂದು ಜೀವನೋಪಾಯವೂ, ಪತ್ರಿಕೆಯ ಒಳಗೆ ಒಂದು ವಿಷಯಜ್ಞಾನವೂ ಅವರಿಗಿದ್ದವು.

ಆದ್ದರಿಂದ ಬಿ.ಎ. ಪದವಿಯಲ್ಲಿ ಪತ್ರಿಕೋದ್ಯಮವನ್ನು ಆಯ್ದುಕೊಳ್ಳುವವರು ಅದರ ಜೊತೆಗಿರುವ ವಿಷಯಗಳನ್ನು ಮೊದಲು ನೋಡಬೇಕು. ಕನ್ನಡ ಮತ್ತು ಅರ್ಥಶಾಸ್ತ್ರ ಜೊತೆಗಿದ್ದರೆ ಒಳಿತು. ಮುಂದೆ ಕಾನೂನು ಪದವಿಗೆ ಹೋಗುವವರಿಗೆ ಇನ್ನೂ ಒಳಿತು. ಕಾಲೇಜಿನಲ್ಲಿ ಸ್ಟುಡಿಯೋ ಇದೆಯೇ ಎಂದು ಕೇಳುವವರೇ ಹೆಚ್ಚು. ಅಲ್ಲಿ ವಿದ್ಯಾರ್ಥಿಗಳು ಪ್ರಾಯೋಗಿಕ ಪತ್ರಿಕೆಯನ್ನು ನಿಜವಾಗಿಯೂ ತರುತ್ತಾರೆಯೇ, ಅದರ ಹಳೆಯ ಸಂಚಿಕೆಗಳನ್ನು ತೋರಿಸುತ್ತಾರೆಯೇ, ಹಿಂದೆ ಓದಿಹೋದವರು ಈಗ ಎಲ್ಲಿದ್ದಾರೆ ಎಂದು ಕೇಳುವವರು ಕಡಿಮೆ. 2003ರಲ್ಲಿ ವಿಜಾಪುರದಲ್ಲಿ ಮಹಿಳಾ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಈ ತಾಲ್ಲೂಕುಗಳ ಹೆಣ್ಣುಮಕ್ಕಳಿಗೆ ಮನೆಯ ಹತ್ತಿರವೇ ಪತ್ರಿಕೋದ್ಯಮದ ಸ್ನಾತಕೋತ್ತರ ಓದು ದೊರೆಯುವಂತಾಯಿತು. ಇದು ಸಣ್ಣ ಸಂಗತಿಯಲ್ಲ. ಆದರೂ ತಾಲ್ಲೂಕು ಕೇಂದ್ರಗಳಲ್ಲಿ ಮಹಿಳಾ ವರದಿಗಾರರನ್ನು ನಾನು ಕಂಡದ್ದು ತೀರಾ ಅಪರೂಪ. ಕಲಿತವರು ಶಿಕ್ಷಕಿಯರಾದರು, ಇಲ್ಲವೆ ಬೆಂಗಳೂರಿಗೆ ಹೋದರು.

ಪಠ್ಯಕ್ರಮದ ದೋಷವೂ ಇಲ್ಲಿದೆ. ಸಂವಹನದ ಪಾಶ್ಚಾತ್ಯ ಸಿದ್ಧಾಂತಗಳನ್ನು ಒಪ್ಪಿಸಬಲ್ಲ ವಿದ್ಯಾರ್ಥಿಗೆ ಪಹಣಿ ಓದಲು ಬಾರದು. ಬೆಳೆಹಾನಿಯ ಪಂಚನಾಮೆ, ಗ್ರಾಮ ಪಂಚಾಯತಿಯ ಲೆಕ್ಕಪತ್ರ ಅವನಿಗೆ ಅಪರಿಚಿತ. ಕೃಷ್ಣಾ ಎರಡನೆಯ ನ್ಯಾಯಾಧಿಕರಣವು 2010ರಲ್ಲಿ ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಒಪ್ಪಿತು. ಈ ನಾಲ್ಕೂವರೆ ಮೀಟರಿನಷ್ಟು ಅಂತರದಲ್ಲಿ ಯಾರ ಹೊಲ ಮುಳುಗುತ್ತದೆ, ಯಾರ ಹೊಲಕ್ಕೆ ಕಾಲುವೆಯ ನೀರು ಬರುತ್ತದೆ, ಪರಿಹಾರದ ಕಡತ ಎಲ್ಲಿ ನಿಂತಿದೆ ಎಂಬುದನ್ನು ಹಿನ್ನೀರಿನ ಊರುಗಳವರಿಗೆ ಅವರ ಭಾಷೆಯಲ್ಲಿ ಬಿಡಿಸಿ ಹೇಳಬೇಕಾದವನು ಸ್ಥಳೀಯ ವರದಿಗಾರನೇ. ಇಂಡಿಯ ಲಿಂಬೆಯ ಧಾರಣೆ, ಭೀಮೆಯ ಮರಳು, ಸೊಲ್ಲಾಪುರದ ಕಡೆಗೆ ಹೋಗುವ ರೋಗಿಗಳು, ಗುಳೆ ಹೋಗುವ ಕುಟುಂಬಗಳು: ಇವುಗಳಲ್ಲಿ ಒಂದೂ ರಾಜಧಾನಿಯ ಸುದ್ದಿಮನೆಯಿಂದ ಕಾಣುವಂಥದಲ್ಲ.

ಕನ್ನಡ ವಿಭಾಗಗಳು ಇದನ್ನು ನೆರೆಮನೆಯ ವಿಷಯವೆಂದು ಬಿಟ್ಟಿವೆ. ಆದೇಶದ ಕನ್ನಡವನ್ನು ಓದುಗನ ಕನ್ನಡಕ್ಕೆ ತರುವುದು ಮೂಲತಃ ಭಾಷೆಯ ಕೆಲಸ. ಐಚ್ಛಿಕ ಕನ್ನಡದ ಒಂದು ಪತ್ರಿಕೆಯನ್ನಾದರೂ ಇದಕ್ಕೆ ಮೀಸಲಿಟ್ಟು, ತಹಶೀಲ್ದಾರ ಕಚೇರಿಯ ಒಂದು ಪ್ರಕಟಣೆಯನ್ನು ವಿದ್ಯಾರ್ಥಿಯ ಕೈಗಿತ್ತು ಅದನ್ನು ಅವನ ಊರಿನವರಿಗೆ ತಿಳಿಯುವಂತೆ ಬರೆಸಬಹುದು. ಇನ್ನು ಆ ಪಾಲಕರು ಮತ್ತೆ ಬಂದು ಕೇಳಿದರೆ, ಗೌರವಧನ ಎಷ್ಟು ಕಡಿಮೆಯೆಂಬುದನ್ನು ಮೊದಲು ಹೇಳಿ, ಉಳಿದ ಮಾತನ್ನು ಆಮೇಲೆ ಹೇಳುತ್ತೇನೆ.