ಅಜ್ಜಿಯ ಪದಕ್ಕ ಯಾರು ಧಣಿ?



ಹಾನಗಲ್ ತಾಲೂಕಿನ ಒಂದು ಕೇರಿಯ ಹುಡುಗಿ, ಕಾಲೇಜು ಓದುವಾಕಿ, ತನ್ನ ಅಜ್ಜಿ ಹಾಡಿದ ಬೀಸುವ ಪದವನ್ನು ಮೊಬೈಲಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕಿದಳು. ತಾಸೊಪ್ಪತ್ತಿನಲ್ಲಿ ಸಂದೇಶ ಬಂತು: ಈ ಹಾಡಿನ ಹಕ್ಕು ಒಂದು ಕ್ಯಾಸೆಟ್ ಕಂಪನಿಯದು, ಇದರ ಮೇಲೆ ಬರುವ ಜಾಹೀರಾತಿನ ಹಣವೂ ಆ ಕಂಪನಿಯದೇ. ಹಿಂದೆಂದೋ ಅದೇ ಪದಕ್ಕೆ ಕೀಬೋರ್ಡು, ತಬಲಾ ಸೇರಿಸಿ 'ಜಾನಪದ' ಎಂದು ಮಾರಿದ ಕಂಪನಿ ಅದು. ಹುಡುಗಿ ಓದಿ ಹೇಳಿದಳು. ಅಜ್ಜಿ ಕೇಳಿದಳು: "ಯಾವ ಕಂಪನೀನ ಯವ್ವಾ ಅದು? ನಮ್ಮವ್ವ ನಸುಕಿನ್ಯಾಗ ಎದ್ದು ಬೀಸೂವಾಗ ಅವರೆಲ್ಲಿದ್ರು?"

ಈ ಪ್ರಶ್ನೆಯನ್ನೇ ನಾವು ಇಲ್ಲಿ ಎತ್ತುತ್ತಿದ್ದೇವೆ.

1957ರ ಕೃತಿಸ್ವಾಮ್ಯ ಕಾಯ್ದೆ ಏನು ಹೇಳುತ್ತದೆ? ಬರೆದವನು ಸತ್ತು 60 ವರ್ಷ ಕಳೆದರೆ ಹಾಡು ಎಲ್ಲರದು. 1889ರಲ್ಲಿ ತೀರಿಕೊಂಡ ಶಿಶುನಾಳ ಶರೀಫರ ಪದ, ಬಾಡದ ಕನಕದಾಸರ ಕೀರ್ತನೆ, ಹೆಸರಿಲ್ಲದ ತಾಯಂದಿರ ಬೀಸುವ ಪದ, ಇವು ಇಂದು ಯಾರಪ್ಪನ ಆಸ್ತಿಯೂ ಅಲ್ಲ. ಈಚಿನವರೊಬ್ಬರು ಹೊಸ ರಾಗ ಕಟ್ಟಿದರೆ ಆ ರಾಗ ಅವರದು, ಅವರು ಮಾಡಿದ ಧ್ವನಿಮುದ್ರಣ ಅವರದು. ಒಪ್ಪಿದೆವು. ಹಾಡಿ ಹೊಟ್ಟೆ ಹೊರೆಯುವವರ ಕೂಲಿಗೆ ಕೈ ಹಾಕುವವರು ನಾವಲ್ಲ. ಆದರೆ ತಬಲಾ ಬಾರಿಸಿದ್ದಕ್ಕೆ ಪದವೇ ನಿಮ್ಮದಾಗುವುದಿಲ್ಲ. 1994ರ ತಿದ್ದುಪಡಿ ಹಾಡಿದವರಿಗೂ ಹಕ್ಕು ಕೊಟ್ಟಿದೆ. ಈಗ ಅದು 50 ವರ್ಷದ ಹಕ್ಕು. ಕಾಯ್ದೆ ಹೆಸರಿಸುವ ಕಲಾವಿದರಲ್ಲಿ ಹಾವಾಡಿಗರೂ ಇದ್ದಾರೆ! ಅಂದಮೇಲೆ ಅಜ್ಜಿಯ ದನಿ ಅಜ್ಜಿಯದು, ಮುದ್ರಣ ಮೊಮ್ಮಗಳದು. ಕಂಪನಿಯದು ಏನೈತಿ?

ಏನೂ ಇಲ್ಲ. ಆದರೂ ಮುದ್ರೆ ಬಿತ್ತು. ಯಾಕೆಂದರೆ ಅಲ್ಲಿ ಕೂತಿರುವುದು ನ್ಯಾಯಾಧೀಶನಲ್ಲ, ಯಂತ್ರ. 2007ರಿಂದ ಯೂಟ್ಯೂಬಿನಲ್ಲಿ ಕಂಟೆಂಟ್ ಐಡಿ ಎಂಬುದಿದೆ. ಕಂಪನಿಗಳು ತಮ್ಮ ಸರಕನ್ನು ಅದಕ್ಕೆ ಕೊಟ್ಟಿರುತ್ತವೆ; ಅದು ಹೋಲಿಸಿ ನೋಡಿ ಇದು ಇಂಥವರದು ಎನ್ನುತ್ತದೆ. ಅಜ್ಜಿ ಮೊದಲೋ ಕಂಪನಿ ಮೊದಲೋ ಅದಕ್ಕೆ ಗೊತ್ತಿಲ್ಲ. ನಮಗೇನು ಇದು ಹೊಸದೇ? ಉಳುವವನು ಒಬ್ಬ, ಉತಾರದಾಗ ಹೆಸರು ಇನ್ನೊಬ್ಬಂದು.

ಯೂಟ್ಯೂಬೇ ಕೊಟ್ಟ ಲೆಕ್ಕ ಕೇಳಿ. 2021ರ ಮೊದಲ ಆರು ತಿಂಗಳಲ್ಲಿ ಇಂಥ 72 ಕೋಟಿಗೂ ಹೆಚ್ಚು ದಾವೆಗಳು ಬಿದ್ದವು. ತಕರಾರು ಎತ್ತಿದ್ದು ಸುಮಾರು 37 ಲಕ್ಷಕ್ಕೆ ಮಾತ್ರ, ನೂರಕ್ಕೆ ಒಂದೂ ಅಲ್ಲ. ಎತ್ತಿದ ತಕರಾರುಗಳಲ್ಲಿ ನೂರಕ್ಕೆ 60ರಲ್ಲಿ ವಿಡಿಯೋ ಹಾಕಿದವರೇ ಗೆದ್ದರು. ಉಳಿದ ದಾವೆಗಳೆಲ್ಲ ಸುಳ್ಳು ಎಂದು ನಾವು ಹೇಳುವುದಿಲ್ಲ. ಸಿನಿಮಾವನ್ನೇ ಎತ್ತಿ ಹಾಕುವವರೂ ಇದ್ದಾರೆ. ಆದರೆ ಎಷ್ಟು ಜನ ಹೆದರಿ ಸುಮ್ಮನಾದರು? ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ ಹೋಗುತ್ತದೆ ಎಂಬ ಅಂಜಿಕೆ ನಮ್ಮ ಹುಡುಗಿಗೂ ಇತ್ತು.

ದೊಡ್ಡವರ ಕತೆ ಬೇರೆ. 2022ರ ನವೆಂಬರ್ 7ರಂದು ಕೆಜಿಎಫ್-2ರ ಹಾಡು ಬಳಸಿದ ತಕರಾರಿನಲ್ಲಿ ಕಾಂಗ್ರೆಸ್ಸಿನ ಟ್ವಿಟರ್ ಖಾತೆಗೆ ತಡೆ ಹಾಕಲು ಬೆಂಗಳೂರಿನ ನ್ಯಾಯಾಲಯ ಆದೇಶಿಸಿತು. ಮರುದಿನವೇ ಹೈಕೋರ್ಟು, ಆ ತುಣುಕು ತೆಗೆಯಿರಿ ಎಂಬ ಷರತ್ತಿನ ಮೇಲೆ ತಡೆ ತೆರವು ಮಾಡಿತು. ಅವರಿಗೆ ಒಂದು ದಿನ. ಯೂಟ್ಯೂಬಿನಲ್ಲಿ ನಾವು ತಕರಾರು ಹಾಕಿದರೆ ದಾವೆ ಹೂಡಿದ ಕಂಪನಿಗೇ ಉತ್ತರ ಕೊಡಲು 30 ದಿನ!

ಮಹಾಡದ ಚೌದಾರ್ ಕೆರೆ ನೆನಪಿರಲಿ. ಎಲ್ಲರಿಗೂ ತೆರೆದ ಕೆರೆ ಎಂದು ಪುರಸಭೆ 1924ರಲ್ಲೇ ಠರಾವು ಮಾಡಿತ್ತು. 1927ರಲ್ಲಿ ಬಾಬಾಸಾಹೇಬರು ಹೋಗಿ ನೀರು ಮುಟ್ಟಿದ ಮೇಲೆ ಸವರ್ಣೀಯರು ಕೆರೆ ತಮ್ಮ ಖಾಸಗಿ ಆಸ್ತಿ ಎಂದು ದಾವೆ ಹೂಡಿದರು. ಮುಂಬಯಿ ಹೈಕೋರ್ಟು ಅದನ್ನು ತಳ್ಳಿಹಾಕುವಾಗ 1937. ಆಗ ನಮ್ಮ ಹಾನಗಲ್ಲೂ ಅದೇ ಮುಂಬಯಿ ಪ್ರಾಂತ್ಯದಲ್ಲಿತ್ತು. ಎಲ್ಲರ ನೀರಿಗೆ ಖಾಸಗಿ ಕಾಗದ ಹುಟ್ಟಿಸುವ ವಿದ್ಯೆ ಹಳೆಯದು.

ನಮ್ಮ ಮನೆಯ ಕಸವನ್ನೂ ಗುಡಿಸೋಣ. ಕೇರಿಗೆ ಬಂದು, ಚಾ ಕುಡಿದು, ಅಜ್ಜಿಯರಿಂದ ಹಾಡಿಸಿ, ಪುಸ್ತಕ ಮಾಡಿ, ಒಳಪುಟದಲ್ಲಿ 'ಹಕ್ಕುಗಳು ಸಂಪಾದಕರವು' ಎಂದು ಅಚ್ಚು ಹಾಕಿದ ವಿದ್ವಾಂಸರು ಎಷ್ಟಿಲ್ಲ? ಎಷ್ಟೋ ಪುಸ್ತಕಗಳಲ್ಲಿ ಹಾಡಿದಾಕೆಯ ಹೆಸರು 'ಒಬ್ಬ ಮುದುಕಿ'. ಆ ಪುಸ್ತಕದಿಂದಲೇ ಕ್ಯಾಸೆಟ್ಟು ಆಗುತ್ತದೆ. ನಾವೂ ಕಮ್ಮಿಯಿಲ್ಲ. ಕೇರಿಯ ಹುಡುಗ ಬರೆದ ಕವನವನ್ನು ಹೆಸರು ಅಳಿಸಿ ವಾಟ್ಸಾಪಿನಲ್ಲಿ ಹಂಚಿ, ಚಳವಳಿಗಾಗಿ ಅನ್ನುತ್ತೇವೆ. ಹೆಸರು ಅಳಿಸಿದರೆ ಚಳವಳಿಗೇನು ಲಾಭ ಐತ್ರೀ?

ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯ ಇದೆ. ಅದು ಒಂದು ಕೆಲಸ ಮಾಡಿಕೊಡಲಿ: ಈ ಪದ ಪರಂಪರೆಯದು, ಹಾಡಿದವರು ಇಂಥವರು, ಊರು ಇಂಥದು ಎಂದು ಮೊಹರು ಒತ್ತಿದ ಕಾಗದ, ಕೇಳಿದ ಪ್ರತಿ ಹಾಡುಗಾರ್ತಿಗೂ. ತಕರಾರಿನ ಅರ್ಜಿ ತುಂಬುವುದನ್ನು ಹಳ್ಳಿಯ ಮಾಸ್ತರರು ಹುಡುಗರಿಗೆ ಕಲಿಸಲಿ. ಅರ್ಧ ತಾಸಿನ ಕೆಲಸ.

ಆ ಹುಡುಗಿ ಅಂಜುತ್ತಲೇ ನಮ್ಮೊಡನೆ ಕೂತು ಅರ್ಜಿ ತುಂಬಿದಳು. ಹಾಡಿದವರ ಹೆಸರು ಬರೆಯುವಲ್ಲಿ ಅಜ್ಜಿಯದನ್ನು, ಅಜ್ಜಿಯ ಅವ್ವನದನ್ನು, ಎರಡನ್ನೂ ಬರೆದಳು. ಇಂದಿಗೆ ಹನ್ನೊಂದು ದಿನ. ಕಂಪನಿಯಿಂದ ಇನ್ನೂ ಉತ್ತರ ಬಂದಿಲ್ಲ.