ಮಕ್ಕಳಿಗೆ ಇಡೀ ಪುಸ್ತಕ ಕೊಡಿ

ಮಕ್ಕಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಕಲಿಸುತ್ತಿರುವ ತಂದೆತಾಯಂದಿರೇ, ನಿಮ್ಮ ಧೈರ್ಯ ಸಣ್ಣದಲ್ಲ. ನೆಂಟರ ಕೊಂಕು ಕೇಳಿದ್ದೀರಿ, ಅಕ್ಕಪಕ್ಕದವರ ಅನುಮಾನ ನುಂಗಿಕೊಂಡಿದ್ದೀರಿ. ಇಷ್ಟೆಲ್ಲ ಆದಮೇಲೆ ಮನೆಯ ಮೇಜಿನ ಮೇಲೆ ಮತ್ತೆ ಅದೇ ಪಠ್ಯಪುಸ್ತಕ, ಅದೇ ಗೈಡು, ಅದೇ ‘ಬಿಟ್ಟ ಸ್ಥಳ ತುಂಬಿರಿ’ ಯಾಕೆ ಬಂತು? ಶಾಲೆ ಬಿಡಿಸಿದಿರೋ, ಶಾಲೆಯನ್ನೇ ಮನೆಗೆ ಹೊತ್ತು ತಂದಿರೋ?

‘ಸರೀಸೃಪಗಳ ಲಕ್ಷಣಗಳನ್ನು ಬರೆಯಿರಿ.’ ಹುರುಪೆ, ಶೀತರಕ್ತ, ಮೊಟ್ಟೆ. ಮೂರು ಅಂಕ. ಪರೀಕ್ಷೆ ಮುಗಿಯಿತು, ಪಾಠವೂ ಮುಗಿಯಿತು. ಅದೇ ಮಗುವಿಗೆ ತೇಜಸ್ವಿಯವರ ‘ಕರ್ವಾಲೊ’ ಓದಿ ಹೇಳಿ ನೋಡಿ. ಊರವರು ಲೆಕ್ಕಕ್ಕೇ ಇಡದ ಮಂದಣ್ಣನ ಕಣ್ಣಿಗೆ ಹಾರುವ ಓತಿ ಬೀಳುತ್ತದೆ. ಅದರ ಬೆನ್ನುಹತ್ತಿ ವಿಜ್ಞಾನಿ ಕರ್ವಾಲೊ, ಬಿರಿಯಾನಿ ಕರಿಯಪ್ಪ, ಪ್ಯಾರ, ನಾಯಿ ಕಿವಿ ಎಲ್ಲರೂ ಕಾಡು ಹೊಗುತ್ತಾರೆ. ಕೊನೆಗೆ ಇನ್ನೇನು ಸಿಕ್ಕಿತು ಅನ್ನುವಷ್ಟರಲ್ಲಿ ಓತಿ ಪ್ರಪಾತದ ಕಡೆ ತೇಲಿಹೋಗುತ್ತದೆ. ಆಮೇಲೆ ಮಗುವಿನ ಪ್ರಶ್ನೆಗಳಿಗೆ ನೀವು ತಯಾರಾಗಿರಬೇಕು: ಅದಕ್ಕೆ ರೆಕ್ಕೆ ಹೇಗೆ ಬಂತು, ಬೇರೆ ಓತಿಗಳಿಗೆ ಯಾಕೆ ಬರಲಿಲ್ಲ, ಎಲ್ಲರೂ ದಡ್ಡ ಅಂದುಕೊಂಡವನಿಗೇ ಅದು ಹೇಗೆ ಕಂಡಿತು? ಜೀವಶಾಸ್ತ್ರದ ಜೊತೆ ಮನುಷ್ಯರನ್ನು ಅಳೆಯುವ ಪಾಠವೂ ಆಯಿತು. ಅದಕ್ಕೆ ಯಾವ ಗೈಡಿನಲ್ಲಿ ಉತ್ತರವಿದೆ?

ಗಿಡಮರಗಳ ಪಾಠಕ್ಕೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಇದೆ. ಶಿಷ್ಯರನ್ನು ಕಟ್ಟಿಕೊಂಡು ಕಾಡು ಅಲೆದ ಸಸ್ಯಶಾಸ್ತ್ರದ ಮೇಷ್ಟರ ನಗುವೂ ಅದರಲ್ಲಿದೆ. ಹದಿಮೂರು ದಾಟಿದ ಮಕ್ಕಳಿಗೆ ಅಸ್ಪೃಶ್ಯತೆ ಒಂದು ‘ಸಾಮಾಜಿಕ ಪಿಡುಗು’ ಎಂದು ಬರೆಸಬೇಡಿ. ಶಿವರಾಮ ಕಾರಂತರ 1933ರ ಕಾದಂಬರಿ ‘ಚೋಮನ ದುಡಿ’ ಕೊಡಿ. ತುಂಡು ಭೂಮಿ ಉಳುವ ಆಸೆಯನ್ನೂ ಹುಟ್ಟಿದ ಜಾತಿ ಕಿತ್ತುಕೊಳ್ಳುವುದನ್ನು ಓದಿದ ಮಗು ಆ ರಾತ್ರಿ ಸುಮ್ಮನೆ ಮಲಗಲಾರದು. ಮಲಗಬಾರದು ಕೂಡ.

ಹೀಗೆ ಕಥೆ, ಪುಸ್ತಕಗಳಿಂದಲೇ ಕಲಿಸುವುದು ನಿನ್ನೆ ಮೊನ್ನೆಯ ಹುಚ್ಚಲ್ಲ. ಗುಜರಾತಿನ ಗಿಜುಭಾಯಿ ಬಧೇಕಾ ತಮ್ಮ ‘ದಿವಾಸ್ವಪ್ನ’ದ ಮೇಷ್ಟರ ಕೈಯಲ್ಲಿ ಪಾಠ ಪಕ್ಕಕ್ಕಿಡಿಸಿ ಕಥೆ ಹೇಳಿಸಿದರು. ಇಂಗ್ಲೆಂಡಿನ ಷಾರ್ಲಟ್ ಮೇಸನ್ ಮಗುವಿಗೆ ಒಳ್ಳೆಯ ಪುಸ್ತಕ ಒಮ್ಮೆ ಓದಿಸಿ, ಅದನ್ನು ತನ್ನ ಮಾತಿನಲ್ಲೇ ತಿರುಗಿ ಹೇಳಲಿ ಎಂದರು. ನಮ್ಮಲ್ಲಿ ಅಕ್ಷರ ಬಾರದವರೂ ಗಮಕ ಕೇಳಿಯೇ ಕುಮಾರವ್ಯಾಸನನ್ನು ಬಾಯಿಪಾಠ ಮಾಡಿಕೊಂಡಿದ್ದರು.

ಪರೀಕ್ಷೆಯ ಗತಿ ಏನು ಎನ್ನುತ್ತೀರಾ? 14 ತುಂಬಿದವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಹತ್ತನೆಯ ತರಗತಿ ಪರೀಕ್ಷೆ ಇದೆ. ಆಗ ಪಠ್ಯ ಓದಲಿ, ಓದುವ ರುಚಿ ಹತ್ತಿದವರಿಗೆ ಅದು ಭಾರವಾಗದು. ಗಣಿತವನ್ನಂತೂ ಲೆಕ್ಕ ಮಾಡಿಯೇ ಕಲಿಯಬೇಕು. ಅದಕ್ಕೆ ಕಥೆಯ ಲೇಪ ಹಚ್ಚಬೇಡಿ.

ಇನ್ನೊಂದು ಮಾತು, ಸ್ವಲ್ಪ ಕಹಿ. ಎಷ್ಟೋ ಮನೆಗಳಲ್ಲಿ ಇಂಗ್ಲಿಷ್ ಪುಸ್ತಕಗಳು ಪೆಟ್ಟಿಗೆಗಟ್ಟಲೆ ಬರುತ್ತವೆ, ಕನ್ನಡದ್ದು ಒಂದೂ ಇರುವುದಿಲ್ಲ. ಮಕ್ಕಳಿಗಾಗಿ ಕಾರಂತರು ‘ಬಾಲ ಪ್ರಪಂಚ’ ಬರೆದ ನುಡಿ ಇದು. ಅಜ್ಜಿಯ ಮಾತು ಅರ್ಥವಾಗದ ಮಗುವಿಗೆ ಯಾವ ಜಗತ್ತನ್ನು ತೋರಿಸಲು ಹೊರಟಿದ್ದೀರಿ?

ನುಡಿಯ ಋಣಕ್ಕಿಂತ ದೊಡ್ಡ ಋಣ ಇನ್ನೊಂದಿದೆ. ಮನೆಯಲ್ಲಿ ಕೂತು ಕಲಿಸಲು ನಿಮಗೆ ಬಿಡುವಿದೆ, ಪುಸ್ತಕಕ್ಕೆ ಕಾಸಿದೆ. ನಿಮ್ಮ ಮನೆಯ ಪಾತ್ರೆ ತೊಳೆಯುವ ಹೆಣ್ಣುಮಗಳಿಗೆ ಎರಡೂ ಇಲ್ಲ. ಅವಳ ಮಗ ಗೈಡು ಉರುಹೊಡೆಯಲಿ, ನನ್ನ ಮಗ ‘ಕರ್ವಾಲೊ’ ಓದಲಿ ಎನ್ನುವುದಾದರೆ ನಿಮ್ಮ ಪ್ರಯೋಗಕ್ಕೆ ಬೆಲೆಯಿಲ್ಲ. ವಾರಕ್ಕೊಂದು ಸಂಜೆ ಬಾಗಿಲು ತೆರೆದಿಡಿ, ಬೀದಿಯ ಮಕ್ಕಳನ್ನೆಲ್ಲ ಕೂಡಿಸಿ ಗಟ್ಟಿಯಾಗಿ ಓದಿ. ಹಳ್ಳಿಯಲ್ಲಿದ್ದರೆ ಮಕ್ಕಳ ಕೈಹಿಡಿದು ಪಂಚಾಯಿತಿ ಗ್ರಂಥಾಲಯಕ್ಕೆ ಕರೆದೊಯ್ಯಿರಿ. 2020ರ ‘ಓದುವ ಬೆಳಕು’ ಅಭಿಯಾನ ಅಲ್ಲಿ ಅವರಿಗೆ ಉಚಿತ ಸದಸ್ಯತ್ವ ಕೊಟ್ಟಿತು. ನಗರದಲ್ಲಿ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ಕಟ್ಟುತ್ತಿದ್ದೀರಿ. ಹೋಗಿ ಕೇಳಿ: ನಮ್ಮ ಮಕ್ಕಳ ಪುಸ್ತಕ ಎಲ್ಲಿ? ಸಿಗುವವರೆಗೂ ಕೇಳಿ.